ಪುಳ್ಳೆ ಮುರಿಯುವ ಸದ್ದು

ಜನವರಿ ಮೊದಲ ವಾರದ ಬೆಳಗು. ಆರು ಗಂಟೆ ದಾಟಿದ್ದರೂ ಬೆಳಕಿಗೆ ಇನ್ನೂ ಬೂದುಬಣ್ಣವೇ ಇತ್ತು. ಮಹದೇವಪುರದ ನಮ್ಮ ಮನೆಯ ಹಿಂದಿನ ಖಾಲಿ ಜಾಗದಿಂದ ‘ಟಕ್’ ಎಂದು ಸದ್ದು ಬಂತು. ತುಸು ಬಿಟ್ಟು ಮತ್ತೊಂದು. ಆಮೇಲೆ ಎರಡು ಸದ್ದು ಹೆಚ್ಚುಕಡಿಮೆ ಒಟ್ಟಿಗೆ, ಒಂದು ಮೇಲಿನಿಂದ, ಒಂದು ಕೆಳಗಿನಿಂದ. ತಾರಸಿಯ ಅಂಚಿಗೆ ಹೋಗಿ ನೋಡಿದೆ. ಎಲೆಯುದುರಿದ ಕತ್ತಿಕಾಯಿ ಮರದ ನೆತ್ತಿಯ ಸುತ್ತ ಹದ್ದೊಂದು ಸುತ್ತು ಹಾಕುತ್ತಿತ್ತು. ಪ್ರತಿ ಸುತ್ತಿನಲ್ಲೂ ತಗ್ಗಿ ಬಂದು, ಒಣಗಿದ ಕೊಂಬೆಯ ತುದಿಯನ್ನು ಉಗುರಿನಲ್ಲಿ ಹಿಡಿದು, ತನ್ನ ಮೈಭಾರವನ್ನೇ ಅದರ ಮೇಲೆ ಬಿಡುತ್ತಿತ್ತು. ಮುರಿದರೆ ಹೊತ್ತುಕೊಂಡು ಹೋಗುವುದು, ಮುರಿಯದಿದ್ದರೆ ಬಿಟ್ಟು ಇನ್ನೊಂದನ್ನು ಹುಡುಕುವುದು. ಅದೇ ಮರದ ಬುಡದಲ್ಲಿ, ತಲೆಗೆ ಕೆಂಪು ಟವೆಲು ಸುತ್ತಿದ ಹೆಂಗಸೊಬ್ಬಳು ಕೂತು, ಬಿದ್ದ ರೆಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತಿದ್ದಳು.

ಹದ್ದಿಗೆ ಗೂಡಿನ ಕಾಲ, ಆಕೆಗೆ ಒಲೆಯ ಹೊತ್ತು. ಇಬ್ಬರೂ ಹುಡುಕುತ್ತಿದ್ದದ್ದು ಒಂದನ್ನೇ. ಹೆಬ್ಬೆರಳಿಗಿಂತ ದಪ್ಪವಿಲ್ಲದ, ಪೂರಾ ಒಣಗಿದ, ಮರ ತಾನಾಗಿ ಕೈಬಿಟ್ಟ ಪುಳ್ಳೆ. ಅವತ್ತಿನಿಂದ ಮೇ ತಿಂಗಳ ನಡುವಿನವರೆಗೆ ನಾನು ಬೆಳಗಿನ ಒಂದು ಗಂಟೆಯನ್ನು ಆ ಜಾಗಕ್ಕೆ ಮೀಸಲಿಟ್ಟೆ. ಹಕ್ಕಿಗಳ ಪಟ್ಟಿಗೆಂದು ತೆಗೆದಿಟ್ಟ ನೋಟ್‌ಬುಕ್ಕು ಅದು. ಈಗ ತಿರುವಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಪುಟಗಳಲ್ಲಿ ಹೊಗೆ, ಕೆಂಡ, ಬೂದಿಯ ವಿಷಯವೇ ಇದೆ.

ಜಾಗ ದೊಡ್ಡದಲ್ಲ. ಮೂರು ಕಡೆ ಮನೆಗಳ ಬೆನ್ನು, ಒಂದು ಕಡೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳು. ಉತ್ತರಕ್ಕೆ ಗರುಡಾಚಾರ್‌ಪಾಳ್ಯದ ಕಡೆಯಿಂದ ಮೆಟ್ರೋ ರೈಲು ಸರಿದು ಹೋಗುವ ಸದ್ದು ಗಾಳಿ ತಿರುಗಿದಾಗ ಕೇಳುತ್ತದೆ. 2007ರಲ್ಲಿ ಬೆಂಗಳೂರಿನ ಪಾಲಿಕೆಗೆ ಸೇರುವವರೆಗೆ ಮಹದೇವಪುರಕ್ಕೆ ತನ್ನದೇ ನಗರಸಭೆ ಇತ್ತು, ಅದಕ್ಕೂ ಮುಂಚೆ ಇದು ರಾಗಿ ಹೊಲಗಳ ಊರು. ಆ ಹೊಲದ ಬದುವಿನಲ್ಲಿ ಹುಟ್ಟಿರಬಹುದಾದ ಎರಡು ಹೊಂಗೆ ಮರಗಳು ಇನ್ನೂ ಇದ್ದವು. ಬೇಲಿಯುದ್ದಕ್ಕೂ ಮೂರು ನೀಲಗಿರಿ, ಮೂಲೆಯಲ್ಲಿ ಬಳ್ಳಾರಿ ಜಾಲಿಯ ಪೊದೆ, ಕಸ ಸುರಿದ ಕಡೆ ಆಳೆತ್ತರದ ಹರಳು ಗಿಡಗಳು, ನಡುವೆ ಆ ಕತ್ತಿಕಾಯಿ ಮರ. ಇಷ್ಟೇ ಆಕೆಯ ಕಾಡು.

ಆಕೆ ಪುಳ್ಳೆ ಆರಿಸುವುದನ್ನು ತಿಳಿಯಲು ನನಗೆ ಎರಡು ವಾರ ಹಿಡಿಯಿತು. ಮೊದಲು ಕಾಲ ಹೆಬ್ಬೆರಳಿನಿಂದ ಪುಳ್ಳೆಯನ್ನು ಒಮ್ಮೆ ಉರುಳಿಸುತ್ತಾಳೆ. ಒಣಗಿದ್ದು ಹಗುರಾಗಿ, ತುಸು ಕುಪ್ಪಳಿಸಿ ಉರುಳುತ್ತದೆ. ಹಸಿಯದು ನೆಲಕ್ಕೆ ಅಂಟಿಕೊಂಡಂತೆ ಮಗ್ಗುಲು ಬದಲಿಸುತ್ತದೆ. ಎತ್ತಿಕೊಂಡ ಮೇಲೆ ತೊಗಟೆಯ ಮೇಲೆ ಉಗುರು ಎಳೆಯುತ್ತಾಳೆ. ಕೆಳಗೆ ಹಸಿರು ಗೆರೆ ಕಂಡರೆ ಅಲ್ಲೇ ಬಿಡುತ್ತಾಳೆ. ತಿಳಿಗಂದು ಕಂಡರೆ ಬಗ್ಗಿಸುತ್ತಾಳೆ. ಟಕ್ಕೆಂದು ಒಂದೇ ಸದ್ದಿಗೆ ಮುರಿದು, ಮುರಿದ ಬಾಯಿ ಗೋಧಿಬಣ್ಣಕ್ಕಿದ್ದರೆ ಅದು ಮಡಿಲಿಗೆ. ನಾರು ನಾರಾಗಿ ಎಳೆದು, ಸದ್ದಿಲ್ಲದೆ ಬಾಗಿದರೆ ಬಿಸಿಲಿಗೆ. ಶೆಡ್ಡಿನ ತಗಡಿನ ಮಾಡಿನ ಮೇಲೆ ಅಂಥವು ವಾರಗಟ್ಟಲೆ ಒಣಗುತ್ತಿದ್ದವು, ದಿನದಿನಕ್ಕೂ ಬಣ್ಣ ಕಳೆದುಕೊಳ್ಳುತ್ತಿದ್ದವು. ಕಂದು ಮಾಸಿ ಬೂದು, ಬೂದು ಮಾಸಿ ಬೆಳ್ಳಿಯಂಥ ಬಿಳುಪು. ಆ ಬಿಳುಪು ಬಂದ ಮೇಲೆ ಮಾತ್ರ ಅವು ಕೆಳಗಿಳಿಯುತ್ತಿದ್ದವು.

ಹದ್ದು ಕೂಡ ಹೀಗೇ ಪರೀಕ್ಷೆ ಮಾಡುತ್ತಿತ್ತು ಎನ್ನುವುದು ಆಮೇಲೆ ಹೊಳೆಯಿತು. ಗೂಡು ಕಟ್ಟಿದ್ದು ನೀಲಗಿರಿಯ ಕವಲಿನಲ್ಲಿ, ಪುಳ್ಳೆ ತಂದದ್ದು ಹೆಚ್ಚಾಗಿ ಕತ್ತಿಕಾಯಿ ಮರದಿಂದ. ಮೈಭಾರಕ್ಕೆ ಮುರಿಯದ ರೆಂಬೆಯ ಗೊಡವೆಗೆ ಅದು ಮತ್ತೆ ಹೋಗುತ್ತಿರಲಿಲ್ಲ. ಹಾರುವಾಗ ಉಗುರಿನಿಂದ ಜಾರಿ ಬಿದ್ದ ಪುಳ್ಳೆಯನ್ನು ಎತ್ತಿಕೊಳ್ಳಲು ಕೆಳಗಿಳಿದದ್ದನ್ನೂ ನಾನು ಕಾಣಲಿಲ್ಲ. ಹಾಗೆ ಬಿದ್ದವೆಲ್ಲ ಕೆಂಪು ಟವೆಲಿನವಳ ಪಾಲು.

ಜನವರಿ ಕೊನೆಗೆ ನಾನು ಕೆಳಗಿಳಿದು ಮಾತಾಡಿಸಿದೆ. ಯಾದಗಿರಿ ಕಡೆಯವರು. ಗಂಡ ಗಾರೆ ಕೆಲಸಕ್ಕೆ, ಆಕೆ ಇಟ್ಟಿಗೆ ಹೊರಲು. ಬೇಲಿಯ ಪಕ್ಕ ಯಾರೋ ಕಡಿದು ಎಸೆದ ಬೇವಿನ ದಿಮ್ಮಿ ಬಿದ್ದಿತ್ತು, ನನ್ನ ತೊಡೆಯಷ್ಟು ದಪ್ಪ. ಪುಳ್ಳೆಗಾಗಿ ಇಡೀ ಜಾಗ ಸುತ್ತುವವಳು ಅದನ್ನು ದಾಟಿಕೊಂಡು ಹೋಗುತ್ತಾಳಲ್ಲ ಎಂದು ಕೇಳಿದೆ.

“ಮ್ಯಾಲ ಒಣಗ್ಯದರಿ ಅಕ್ಕಾರ, ಒಳಗ ಹಸಿ ಅದ. ಒಲ್ಯಾಗ ಇಟ್ರ ಅಳ್ತದ,” ಎಂದಳು.

ಅಳುವುದೆಂದರೇನೆಂದು ಕೆಲವು ದಿನಗಳ ಮೇಲೆ ಕಣ್ಣಾರೆ ಕಂಡೆ. ಪಕ್ಕದ ಶೆಡ್ಡಿನ ಹುಡುಗರು ಅದೇ ದಿಮ್ಮಿಯಿಂದ ಸೀಳಿದ ಒಂದು ತುಂಡನ್ನು ಒಲೆಗೆ ತುರುಕಿದ್ದರು. ಬೆಂಕಿಯ ಕಡೆಯ ತುದಿ ಕಪ್ಪಾಯಿತು. ಹೊರಗಿದ್ದ ಇನ್ನೊಂದು ತುದಿಯ ಅಡ್ಡಕೊಯ್ತದ ಮೇಲೆ ಸಣ್ಣ ಗುಳ್ಳೆಗಳೆದ್ದು, ಒಡೆದು, ಜೇನುಬಣ್ಣದ ನೊರೆಯಾಗಿ ಹರಿಯತೊಡಗಿದವು. ಜೊತೆಗೆ ‘ಸ್ಸ್ಸ್’ ಎಂಬ ಸಣ್ಣ ಸ್ವರ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರು ಕುದಿದು ಆವಿಯಾಗಿ ಹೋಗುವ ತನಕ ಬೆಂಕಿಯ ಶಾಖದಲ್ಲಿ ಒಂದು ಪಾಲು ಅದಕ್ಕೇ ವೆಚ್ಚ, ಪಾತ್ರೆಗೆ ಅಷ್ಟು ಕಡಿಮೆ. ಮರ ತನ್ನ ಬೇರಿನಿಂದ ಎಲೆಗೆ ನೀರೇರಿಸಿದ ಅದೇ ಸಣ್ಣ ನಾಳಗಳಲ್ಲಿ ಈ ನೊರೆ ಹೊರಬರುತ್ತದೆ. ನಾನು ಆ ಗುಳ್ಳೆಗಳನ್ನು ನೋಡುತ್ತಲೇ ನಿಂತೆ. ಹುಡುಗರು ಕಣ್ಣೊರೆಸಿಕೊಳ್ಳುತ್ತ ಊದುತ್ತಲೇ ಇದ್ದರು.

ಊರಿನಲ್ಲಿ ಆಕೆಯದು ತೊಗರಿ ಕಟಗಿಯ ಒಲೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಬಡಿದ ಮೇಲೆ ಉಳಿಯುವ ಕಡ್ಡಿಯನ್ನು ಮನೆಯ ಪಕ್ಕ ಒಟ್ಟಿದರೆ ತಿಂಗಳುಗಟ್ಟಲೆ ಉರುವಲು. ಯಾದಗಿರಿ, ಕಲಬುರಗಿಯ ಹಳ್ಳಿಗಳಲ್ಲಿ ಎತ್ತ ನೋಡಿದರೂ ಆ ಒಟ್ಟಿಲುಗಳು ಕಾಣುತ್ತವೆ. ಬೆಂಗಳೂರಿನ ಮರಗಳನ್ನೆಲ್ಲ ಆಕೆ ತೊಗರಿ ಕಟಗಿಯ ತಕ್ಕಡಿಯಲ್ಲೇ ತೂಗುತ್ತಿದ್ದಳು. ಹರಳಿನ ಕಡ್ಡಿ ಒಳಗೆ ಪೊಳ್ಳು, ಹತ್ತುವುದೂ ಬೇಗ, ಆರುವುದೂ ಬೇಗ. ನೀಲಗಿರಿ ತೊಗಟೆ ಉದ್ದುದ್ದ ಪಟ್ಟಿಯಾಗಿ ಕಳಚಿ ಬೀಳುತ್ತದೆ, ಹೊತ್ತಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಜಾಲಿಯ ಕೆಂಡ ಗಟ್ಟಿ, ಬಹಳ ಹೊತ್ತು ನಿಲ್ಲುತ್ತದೆ, ಆದರೆ ಮುಳ್ಳು. ಹೊಂಗೆ ಹಸಿಯಿದ್ದರೆ ಹೊಗೆ, ಒಣಗಿದರೆ ತಕರಾರಿಲ್ಲ. ಕತ್ತಿಕಾಯಿಯ ಕಾಯಿ ಮಾತ್ರ ಆಕೆಗೆ ತೊಗರಿಯ ನೆನಪು ತರುತ್ತಿತ್ತು.

ಆ ಕಾಯಿಗಳ ಬಗ್ಗೆ ಎರಡು ಮಾತು ಬರೆಯಬೇಕು. ಮೊಳದುದ್ದ, ಮರದಷ್ಟೇ ಗಡುಸು, ಬೆಲ್ಲದ ಪಾಕ ಹತ್ತಿದಂಥ ಕಪ್ಪುಗಂದು. ಚಳಿಗಾಲವಿಡೀ ಬೋಳು ಮರದಲ್ಲಿ ತೂಗಾಡಿ, ಗಾಳಿಗೆ ಒಳಗಿನ ಬೀಜಗಳು ಗಲಗಲ ಎನ್ನುತ್ತವೆ. ಶೆಡ್ಡಿನ ಮಕ್ಕಳು ಅವನ್ನೇ ಕತ್ತಿ ಮಾಡಿಕೊಂಡು ಯುದ್ಧವಾಡುತ್ತಿದ್ದರು. ಯುದ್ಧ ಮುಗಿದ ಮೇಲೆ ಸೋತ ಕತ್ತಿ, ಗೆದ್ದ ಕತ್ತಿ ಎರಡೂ ಒಲೆಗೆ. ಕಾಯಿ ಮೊದಲು ಅಂಚಿನಲ್ಲಿ ಹೊತ್ತಿಕೊಳ್ಳುತ್ತದೆ. ಶಾಖಕ್ಕೆ ಎರಡು ಹೋಳೂ ಹೊರಕ್ಕೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತವೆ. ಒಳಗೆ ಸಾಲಾಗಿ ಬೀಜಗಳ ಗೂಡು, ಒಂದೊಂದು ಗೂಡಿನಿಂದಲೂ ಒಂದು ನಾಲಗೆ ಉರಿ ಏಳುತ್ತದೆ. ಆಗ ಆ ಕಾಯಿ ದೀಪಗಳ ಸಾಲಿನಂತೆ ಕಾಣುತ್ತದೆ. ಬೀಜಗಳು ಚಟ್ ಚಟ್ ಸಿಡಿಯುತ್ತವೆ. ಆಕೆ ಕಣ್ಣು ಕಿರಿದು ಮಾಡಿ ಮುಖ ಪಕ್ಕಕ್ಕೆ ತಿರುಗಿಸುತ್ತಾಳೆ, ಕೈ ಮಾತ್ರ ರೊಟ್ಟಿಯ ಮೇಲೇ ಇರುತ್ತದೆ.

ಒಲೆ ಎಂದರೆ ಸಿಮೆಂಟಿನ ಮೂರು ಇಟ್ಟಿಗೆ. ಜನವರಿಯಲ್ಲಿ ಅದರ ಬಾಯಿ ಪೂರ್ವಕ್ಕಿತ್ತು. ಬೆಂಗಳೂರಿಗೆ ಚಳಿಗಾಲದ ಗಾಳಿ ಬರುವುದು ಪೂರ್ವ, ಈಶಾನ್ಯದಿಂದ. ಬಾಯಿಯ ಮುಂದೆ ಕುಳಿತ ಆಕೆಯ ಬೆನ್ನಿಗೆ ಗಾಳಿ ತಾಗಿ, ಒಲೆಯೊಳಗೆ ನುಗ್ಗಿ, ಹೊಗೆಯನ್ನು ಆಚೆ ಕಡೆಗೆ ತಳ್ಳುತ್ತಿತ್ತು. ಏಪ್ರಿಲ್ ನಡುವಿನಲ್ಲಿ ಒಂದು ಬೆಳಗ್ಗೆ ನೋಡಿದರೆ ಇಟ್ಟಿಗೆಗಳು ತಿರುಗಿದ್ದವು, ಬಾಯಿ ಪಶ್ಚಿಮಕ್ಕೆ. ಹಿಂದಿನ ಎರಡು ಸಂಜೆ ನೀಲಗಿರಿಯ ಎಲೆಗಳು ಮಗ್ಗುಲು ಬದಲಿಸಿ ಬೆಳ್ಳಗೆ ಹೊಳೆದದ್ದನ್ನು ನಾನೂ ಬರೆದುಕೊಂಡಿದ್ದೆ. ಆದರೆ ಗಾಳಿ ತಿರುಗಿತು ಎಂಬುದನ್ನು ನಾನು ಓದಿಕೊಂಡದ್ದು ಆ ಇಟ್ಟಿಗೆಗಳಿಂದ.

ಬೆಂಕಿ ಹೊತ್ತಿಸುವ ಕ್ರಮ ದಿನವೂ ಒಂದೇ. ನೀಲಗಿರಿ ತೊಗಟೆಯನ್ನು ಅಂಗೈಯಲ್ಲಿ ಉಜ್ಜಿ ನಾರು ಮಾಡಿ ತಳಕ್ಕೆ. ಅದರ ಮೇಲೆ ಹುಲ್ಲುಕಡ್ಡಿಯಷ್ಟು ಸಣ್ಣ ಪುಳ್ಳೆ, ಅದರ ಮೇಲೆ ಬೆರಳುಗಾತ್ರದವು, ಒಂದಕ್ಕೊಂದು ಒತ್ತದಂತೆ. ಕಡ್ಡಿ ಗೀರಿದ ಮೇಲೆ ಮೊದಲು ಏಳುವುದು ಹಾಲುಬಿಳುಪಿನ ದಟ್ಟ ಹೊಗೆ. ಆ ಹೊಗೆಯೇ ಇನ್ನೂ ಹೊತ್ತಿಕೊಳ್ಳದ ಉರುವಲು. ಶಾಖಕ್ಕೆ ಮರ ಒಡೆದು ಹೊರಬಿಟ್ಟ ಅನಿಲ, ಆವಿ, ಎಣ್ಣೆಯಂಥ ಹನಿಗಳು. ಆಕೆ ಊದುಗೊಳವೆಯನ್ನು ತುಟಿಗಿಟ್ಟು ಒಮ್ಮೆ ಉದ್ದಕ್ಕೆ, ಸಮನಾಗಿ ಊದುತ್ತಾಳೆ. ಬಿಳಿ ಹೊಗೆ ಒಂದು ಕ್ಷಣ ಹಳದಿಗೆ ತಿರುಗಿದಂತಾಗಿ, ‘ಭಗ್’ ಎಂದು ಇದ್ದಕ್ಕಿದ್ದಂತೆ ಉರಿಯಾಗುತ್ತದೆ. ಹೊಗೆ ಮಾಯ. ಬುಡದಲ್ಲಿ ಕಂಡೂ ಕಾಣದ ನೀಲಿ, ನಡುವೆ ಅರಿಶಿನ, ತುದಿಯಲ್ಲಿ ಕಿತ್ತಳೆ. ಆ ಅರಿಶಿನ ಕಾಯ್ದ ಮಸಿಯ ಕಣಗಳ ಬಣ್ಣ. ಅವು ಪೂರ್ತಿ ಉರಿಯುವ ಮೊದಲೇ ತಣ್ಣನೆಯ ಹಂಚು ತಾಗಿದರೆ ಅದರ ತಳಕ್ಕೆ ಕಾಡಿಗೆಯಾಗಿ ಕೂರುತ್ತವೆ. ಮಂಜು ಬಿದ್ದ ಒಂದೆರಡು ಬೆಳಗ್ಗೆ ತೊಗಟೆ ಹತ್ತದೆ ಹಾಲಿನ ಪ್ಲಾಸ್ಟಿಕ್ ಕವರು ಹಚ್ಚಿದ್ದೂ ಉಂಟು. ಅಂಥ ದಿನ ಕರಿ ಹೊಗೆ ನನ್ನ ತಾರಸಿಯವರೆಗೂ ಏರಿ ಬಂತು.

ಜೋಳದ ರೊಟ್ಟಿಗೆ ಒಂದೇ ಒಲೆಯಲ್ಲಿ ಎರಡು ಬೆಂಕಿ ಬೇಕು. ಹಂಚಿನ ಕೆಳಗೆ ಹರಡಿದ ಉರಿ, ಒಲೆಯ ಬಾಯಲ್ಲಿ ಹೊಗೆಯಿಲ್ಲದ ಕೆಂಡ. ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಾಳೆ. ನೀರು ಆರಿ ಹಿಟ್ಟಿನ ಬೂದುಬಿಳುಪು ಮತ್ತೆ ಕಾಣುವ ಹೊತ್ತಿಗೆ ಮಗುಚುತ್ತಾಳೆ. ಆಮೇಲೆ ಎತ್ತಿ ಕೆಂಡಕ್ಕೆ ಒರಗಿಸಿ ನಿಲ್ಲಿಸುತ್ತಾಳೆ. ಅಂಚಿನಲ್ಲಿ ಒಂದು ಗುಬಟೆ ಏಳುತ್ತದೆ, ಅದು ನಡುವಿಗೆ ಸರಿದು, ಇನ್ನೊಂದಕ್ಕೆ ಕೂಡಿಕೊಂಡು, ಇಡೀ ರೊಟ್ಟಿ ಒಮ್ಮೆ ಉಸಿರೆಳೆದುಕೊಂಡಂತೆ ಉಬ್ಬುತ್ತದೆ. ಅಷ್ಟರಲ್ಲಿ ಎಡಗೈ ಒಂದು ಪುಳ್ಳೆಯನ್ನು ನಾಲ್ಕು ಬೆರಳು ಒಳಕ್ಕೆ ತಳ್ಳಿ, ಇನ್ನೊಂದನ್ನು ಹಿಂದಕ್ಕೆ ಎಳೆದಿರುತ್ತದೆ. ಆ ಕೈಗೆ ಆಕೆ ಕಣ್ಣು ಹಾಯಿಸಿದ್ದನ್ನು ನಾನು ನೋಡಲಿಲ್ಲ. ಕೊನೆಯ ರೊಟ್ಟಿ ಇಳಿದ ಕೂಡಲೇ ಉಳಿದ ಕೊಳ್ಳಿಗಳನ್ನು ಹೊರಗೆಳೆದು ಮಣ್ಣಿನಲ್ಲಿ ಒತ್ತಿ ಆರಿಸುತ್ತಿದ್ದಳು. ಅರ್ಧ ಸುಟ್ಟ ಪುಳ್ಳೆ ನಾಳೆ ಬೇಗ ಹತ್ತುತ್ತದೆ.

ಕಟ್ಟಡದಿಂದ ಬರುವ ಸೆಂಟ್ರಿಂಗ್ ಪ್ಲೈವುಡ್ ಚೂರು, ಮೊಳೆ ಹೊಡೆದ ರೀಪು ಬೇಕಾದಷ್ಟಿದ್ದವು. ಅವನ್ನು ಬೇರೆಯೇ ಒಟ್ಟಿದ್ದಳು. ಸ್ನಾನದ ನೀರಿಗೆ ಮಾತ್ರ. “ಅದರ ಹೊಗಿ ರೊಟ್ಟಿಗೆ ಹತ್ತತದರಿ,” ಎಂದಳು. ಹಾಳೆಗಳನ್ನು ಅಂಟಿಸಿದ ಗೋಂದು ಉರಿಯುವಾಗ ಮೂಗಿನೊಳಗೆ ಸೂಜಿ ಆಡಿಸಿದಂಥ ಘಾಟು. ಬೂದಿಯಲ್ಲಿ ಉಳಿದ ಮೊಳೆಗಳನ್ನು ಮಕ್ಕಳು ಆರಿಸಿ ಗುಜರಿಗೆ ಮಾರುತ್ತಿದ್ದರು.

ಪುಳ್ಳೆಯ ಒಟ್ಟಿಲಿಗೆ ಆಕೆಯ ಹೊರತಾಗಿಯೂ ಒಕ್ಕಲುಗಳಿದ್ದರು. ಹೊಂಗೆಯ ತುಂಡುಗಳ ಕೆಳಗೆ ಕೊರೆಹುಳು ಉದುರಿಸಿದ ಹಿಟ್ಟು ಸಣ್ಣ ಸಣ್ಣ ಗುಡ್ಡೆಯಾಗಿರುತ್ತಿತ್ತು. ರಾಗಿಹಿಟ್ಟಿಗಿಂತ ನುಣುಪು, ಕೆನೆಹಳದಿ. ಕಿವಿಯಿಟ್ಟರೆ ಒಳಗೆ ಕರಕರ. ತೊಗಟೆಯ ಸೀಳಿನಲ್ಲಿ ತೊಗಟೆಯದೇ ಬಣ್ಣದ ಜೇಡ. ಬಿಸಿಲೇರಿದ ಮೇಲೆ ತಾಮ್ರಗಂದು ಮೈಯ ಹಾವುರಾಣಿಯೊಂದು ಎರಡು ಪುಳ್ಳೆಗಳ ನಡುವಿನಿಂದ ತಲೆ ಹೊರಹಾಕಿ, ಕತ್ತು ಒಂದಿಷ್ಟು ಎತ್ತಿ, ರೆಪ್ಪೆ ಮುಚ್ಚಿ ತೆರೆಯುತ್ತಿತ್ತು. ಆಕೆ ಪ್ರತಿ ಪುಳ್ಳೆಯನ್ನೂ ಒಲೆಗಿಡುವ ಮುಂಚೆ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದಳು, ಟಪ್ ಟಪ್. ಇರುವೆ ಉದುರಲಿ, ಚೇಳು ಇದ್ದರೆ ಹೋಗಲಿ ಎಂದು. ಬರಬರುತ್ತ ಆ ಸದ್ದು ಕೇಳಿದರೆ ನನ್ನ ಕಣ್ಣು ತಂತಿಯ ಕಡೆಗೆ ಹೋಗುತ್ತಿತ್ತು. ಅಲ್ಲಿ ಕಾಜಾಣವೊಂದು ಬಂದು ಕೂರುವುದು ರೂಢಿಯಾಗಿತ್ತು. ಹೊಗೆಗೆ ಬೆದರಿ ಮೇಲೆದ್ದ ಹುಳುವನ್ನು ಗಾಳಿಯಲ್ಲೇ ಹಿಡಿದು, ಬಾಣದ ಗರಿಯಂಥ ಸೀಳುಬಾಲವನ್ನು ಒಮ್ಮೆ ತಿರುಚಿ, ಮತ್ತೆ ಅದೇ ತಂತಿಗೆ ಮರಳುತ್ತಿತ್ತು. ಕಾಡುಬೆಂಕಿಯ ಅಂಚಿನಲ್ಲಿ ಕಾಜಾಣಗಳು ಬೇಟೆಗೆ ನೆರೆಯುತ್ತವೆ ಎಂದು ಓದಿದ್ದೆ. ಮೂರು ಇಟ್ಟಿಗೆಯ ನಡುವಿನ ಬೆಂಕಿಗೂ ಒಂದು ಕಾಜಾಣ ಉಂಟು.

ನಮ್ಮ ಬೀದಿಯ ತುದಿಯಲ್ಲಿ ಇನ್ನೊಂದು ಒಲೆ ಇದೆ. ಹಳೆಯ ಊರಿನ ಅಜ್ಜಿಯದು. ಅಡುಗೆಮನೆಯಲ್ಲಿ ಗ್ಯಾಸು, ಹಿತ್ತಲಲ್ಲಿ ಹಂಡೆ. “ಗ್ಯಾಸು ಐತೆ ಕಣವ್ವ. ಮೈಗೆ ಹುಯ್ಕೊಳೋ ನೀರು ಸೌದೇಲೇ ಕಾಯ್ಬೇಕು,” ಎನ್ನುತ್ತಾರೆ. ಎರಡು ತೆಂಗಿನ ಮರಗಳೇ ಅವರ ಉರುವಲಿನ ಕಣಜ. ಬಿದ್ದ ಸೋಗೆಯಲ್ಲಿ ಗರಿ ಹೊತ್ತಿಸುವುದಕ್ಕೆ, ಹೆಡೆಮಟ್ಟೆ ನಿಧಾನ ಉರಿಗೆ, ಹೊಂಬಾಳೆಯ ಒಣ ಸಿಪ್ಪೆ ಮಳೆಗಾಲಕ್ಕೆ, ಕರಟ ಕೊನೆಯಲ್ಲಿ ಕೆಂಡ ಕಟ್ಟುವುದಕ್ಕೆ. ಬೂದಿಯನ್ನು ಜರಡಿ ಹಿಡಿದು, ನುಣ್ಣನೆಯದನ್ನು ಪಾತ್ರೆ ಬೆಳಗಲು, ಅವರೆ ಬೀಜಕ್ಕೆ ಹುಳ ಬೀಳದಂತೆ ಸವರಲು ತೆಗೆದಿಡುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಸೌದೆ ಡಿಪೋದಿಂದ ಸೀಳು ಸೌದೆಯನ್ನು ಮಣದ ಲೆಕ್ಕದಲ್ಲಿ ತೂಗಿಸಿ ತರುತ್ತಿದ್ದುದು ಅವರಿಗೆ ನೆನಪಿದೆ. ತಕ್ಕಡಿಗೆ ಹಸಿ ಸೌದೆ ಹಾಕಿ ತೂಕ ಹೆಚ್ಚಿಸುವ ಆಟವೂ ನೆನಪಿದೆ.

ಆ ಡಿಪೋಗಳ ಕಥೆಯನ್ನು ಅಳೆದು ನೋಡಿದವರು ಈ ಊರಿನಲ್ಲೇ ಇದ್ದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅಲ್ಲಿಯವರು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಯಾರು ಹೊತ್ತು ತರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕವಿಟ್ಟರು. ಹಳ್ಳಿಯ ಒಲೆಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಹೆಂಗಸರು, ಮಕ್ಕಳು ಆರಿಸಿ ತಂದ ಪುಳ್ಳೆ. ಪೇಟೆಯ ಒಲೆಗೆ ಬರುತ್ತಿದ್ದದ್ದು ಲಾರಿಯಲ್ಲಿ ಬಂದ ದಿಮ್ಮಿ. ಬೆಂಗಳೂರಿನ ಸೌದೆಯ ಕುರಿತು ಅಮೂಲ್ಯ ರೆಡ್ಡಿಯವರೂ ಬಿ. ಸುಧಾಕರ ರೆಡ್ಡಿಯವರೂ ಬರೆದ ಪ್ರಬಂಧ 1983ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ಇಟ್ಟಿಗೆ, ಮಣ್ಣಿನಲ್ಲಿ ಕಟ್ಟುವ, ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ‘ಅಸ್ತ್ರ ಒಲೆ’ಯೂ ಆ ಕೇಂದ್ರದ್ದೇ. ಕಟ್ಟಿದ ಒಲೆಗೆ ಮನೆ ನಿಂತಲ್ಲೇ ನಿಂತಿರಬೇಕು. ಆರಾರು ತಿಂಗಳಿಗೆ ಶೆಡ್ಡು ಬದಲಿಸುವವರಿಗೆ ಮೂರು ಇಟ್ಟಿಗೆಯೇ ಸರಿ. ಗ್ಯಾಸಿನ ವಿಷಯ ಕೇಳಿದಾಗಲೂ ಆಕೆ ಹೇಳಿದ್ದು ಅದನ್ನೇ. “ಸಿಲಿಂಡರ್ ಊರಾಗ ಅದರಿ, ಅತ್ತಿ ಹತ್ರ. ಇಲ್ಲಿ ಎಷ್ಟ್ ದಿನ ಇರ್ತೀವೋ ಏನೋ.”

ಹೊಗೆ ಚಂದವಾಗಿ ಕಾಣುವುದು ದೂರದಿಂದ. ಬೆಳಗಿನ ಓರೆಬಿಸಿಲಿನಲ್ಲಿ ಅದು ಹಾಲಿನೊಳಗೆ ನೀಲಿ ಕದಡಿದಂತೆ ನಿಂತಿರುತ್ತಿತ್ತು. ಹತ್ತಿರ ಹೋದರೆ ಆಕೆಯ ಕಣ್ಣಂಚು ಕೆಂಪು, ಬೆನ್ನಿಗೆ ಕಟ್ಟಿದ ಮಗುವಿಗೆ ಕೆಮ್ಮು. ಒಲೆಯ ಹೊಗೆಯಿಂದ ಮನೆಯೊಳಗೆ ಕೆಡುವ ಗಾಳಿಗೆ 2020ರ ಒಂದೇ ವರ್ಷದಲ್ಲಿ ಜಗತ್ತಿನ ಸುಮಾರು 32 ಲಕ್ಷ ಜನ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊರಗೆ ಬಯಲಲ್ಲಿ ಒಲೆ ಹೂಡುವುದು, ಗಾಳಿ ನೋಡಿ ಬಾಯಿ ತಿರುಗಿಸುವುದು, ಅಳುವ ಸೌದೆ ಬಿಡುವುದು, ಆಕೆಯ ಕೈಯಲ್ಲಿದ್ದ ಔಷಧ ಅಷ್ಟು.

ಮಾರ್ಚ್‌ನಲ್ಲಿ ಹೊಂಗೆ ಎಲೆಯೆಲ್ಲ ಉದುರಿಸಿ, ಹದಿನೈದೇ ದಿನದಲ್ಲಿ ಮತ್ತೆ ಚಿಗುರಿತು. ಗಿಳಿಹಸಿರು, ಎಣ್ಣೆ ಸವರಿದಂಥ ಹೊಳಪು. ಆ ದಿನಗಳಲ್ಲಿ ನಾನು ಒಲೆಗೆ ಹೋಗುವ ಮರಗಳ ತವರಿನ ಪಟ್ಟಿ ಮಾಡಿದೆ. ನೀಲಗಿರಿ ಆಸ್ಟ್ರೇಲಿಯಾದ್ದು, ನಮ್ಮಲ್ಲಿ ಟಿಪ್ಪುವಿನ ಕಾಲಕ್ಕೆ ನಂದಿಬೆಟ್ಟದಲ್ಲಿ ನೆಟ್ಟದ್ದೆನ್ನುತ್ತಾರೆ. ಬಳ್ಳಾರಿ ಜಾಲಿ ಅಮೆರಿಕ ಖಂಡದ್ದು. ಹರಳು ಪೂರ್ವ ಆಫ್ರಿಕದ ಕಡೆಯದು. ಕತ್ತಿಕಾಯಿ ಮರ ಮಡಗಾಸ್ಕರ್ ದ್ವೀಪದ್ದು. ಇಲ್ಲಿಯದೇ ಆದದ್ದು ಹೊಂಗೆ ಒಂದೇ. ಮಡಗಾಸ್ಕರಿನಲ್ಲಿ ಇವತ್ತಿಗೂ ಹೆಚ್ಚಿನ ಮನೆಗಳಲ್ಲಿ ಅನ್ನ ಬೇಯುವುದು ಸೌದೆ, ಇದ್ದಿಲಿನ ಮೇಲೆ. ಅಲ್ಲಿಂದ ಕಡಲು ದಾಟಿದರೆ ಸಿಗುವ ಆಫ್ರಿಕದ ದಕ್ಷಿಣ ಭಾಗದಲ್ಲಿ ಮೊಪಾನೆ ಎಂಬ ಮರವಿದೆ, ಅದರ ಎಲೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ, ನಮ್ಮ ಮಂದಾರದ ಎಲೆಯನ್ನು ನಡುವೆ ಪೂರ್ತಿ ಸೀಳಿದಂತೆ. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆಂದು ಅಲ್ಲಿಯವರಿಗೆ ಅದರ ಮೇಲೆ ಆಸೆ. ಜಿಂಬಾಬ್ವೆಯಲ್ಲಿ ಉರುವಲು ಉಳಿಸಲೆಂದು ರೂಪಿಸಿದ ಒಂದು ತಗಡಿನ ಒಲೆಗೆ ‘ತ್ಸೊತ್ಸೊ’ ಎಂದು ಹೆಸರು. ಶೋನಾ ಭಾಷೆಯಲ್ಲಿ ಆ ಮಾತಿಗೆ ಪುಳ್ಳೆ ಎಂದರ್ಥ. ಆ ಹೆಸರನ್ನು ಹೇಳಿದಾಗ ಆಕೆ ಒಮ್ಮೆ ಬಾಯಲ್ಲಿ ಆಡಿಸಿ ನೋಡಿ, ನಕ್ಕು, ಹಂಚು ಕೆಳಗಿಳಿಸಿದಳು.

ಏಪ್ರಿಲ್ ಕೊನೆಯಲ್ಲಿ ಜಾಗದವರು ಜೆಸಿಬಿ ಕಳಿಸಿದರು. ಜಾಲಿ, ಹರಳು ಮಧ್ಯಾಹ್ನದೊಳಗೆ ಹೋದವು. ಒಂದು ಹೊಂಗೆಯನ್ನು ಯಂತ್ರದ ಗರಗಸದಲ್ಲಿ ಕೊಯ್ದರು, ತಿಳಿನೇರಳೆ ಹೂಗೊಂಚಲು ಇನ್ನೂ ರೆಂಬೆಯಲ್ಲೇ ಇತ್ತು. ಕೊಯ್ದ ಬುಡದ ಮೇಲೆ ನೀರು ಜಿನುಗಿ, ಸಂಜೆಯ ಹೊತ್ತಿಗೆ ಇರುವೆಗಳು ಮುತ್ತಿದವು. ದಿಮ್ಮಿ ಲಾರಿಗೆ ಹೋಯಿತು. ರೆಂಬೆಗಳು ಅಲ್ಲೇ ಉಳಿದವು, ಆಳೆತ್ತರದ ರಾಶಿ. ನಾಲ್ಕು ತಿಂಗಳಲ್ಲಿ ಆಕೆ ಹಸಿರು ಕೊಂಬೆಯೊಂದಕ್ಕೂ ಕೈ ಹಚ್ಚಿದ್ದನ್ನು ನಾನು ನೋಡಿರಲಿಲ್ಲ. ಅವತ್ತೂ ರಾಶಿಯ ಸುತ್ತ ಒಂದು ಸುತ್ತು ಬಂದು, ಒಂದು ರೆಂಬೆ ಎತ್ತಿ, ಉಗುರು ಎಳೆದು, ಕೆಳಗಿಟ್ಟಳು.

“ಇವು ಒಣಗಾಕ ಇನ್ನೊಂದು ಬ್ಯಾಸಗಿ ಬೇಕರಿ. ಅಷ್ಟೊತ್ತಿಗೆ ನಾವು ಇಲ್ಲಿ ಇರಂಗಿಲ್ಲ.”

ಮೇ ಎರಡನೆಯ ವಾರ ಶೆಡ್ಡುಗಳನ್ನು ಬಿಚ್ಚಿದರು. ತಗಡು, ಹಂಚು, ಊದುಗೊಳವೆ, ಪುಳ್ಳೆಯ ಕೊನೆಯ ಹೊರೆ ಒಂದೇ ಟೆಂಪೋದಲ್ಲಿ ಹೋದವು. ಮೂರು ಇಟ್ಟಿಗೆ ಉಳಿದವು, ಒಳಮೈ ಮಾತ್ರ ಕಪ್ಪು. ಹದ್ದಿನ ಎರಡು ಮರಿಗಳು ಅದಾಗಲೇ ರೆಕ್ಕೆ ಬಲಿತು ಗೂಡು ಬಿಟ್ಟಿದ್ದವು. ನಾಲ್ಕು ದಿನ ಕಳೆದು ಸಂಜೆ ಆಲಿಕಲ್ಲಿನ ಮಳೆ, ಪಶ್ಚಿಮದಿಂದ ಗಾಳಿ. ಬೆಳಗ್ಗೆ ನೋಡಿದರೆ ಗೂಡು ನೀಲಗಿರಿಯ ಬುಡದಲ್ಲಿ ಮಗುಚಿ ಬಿದ್ದಿತ್ತು. ಕುಕ್ಕೆಯಷ್ಟು ಅಗಲ, ಪುಳ್ಳೆಯ ನಡುವೆ ಹರಿದ ಬಟ್ಟೆ, ಕಟ್ಟುವ ತಂತಿಯ ಎರಡು ಸುರುಳಿ.

ನಾನು ನೋಟ್‌ಬುಕ್ಕು ತರಲು ಮೇಲೆ ಹೋಗಿ ಬರುವಷ್ಟರಲ್ಲಿ ಅಜ್ಜಿ ಅಲ್ಲಿದ್ದರು. ತಂತಿ, ಬಟ್ಟೆಯನ್ನು ಪಕ್ಕಕ್ಕಿಟ್ಟು, ಒಂದೊಂದೇ ಪುಳ್ಳೆಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಹೊರಗಿನವು ನೆನೆದಿದ್ದವು, ನಡುವಿನವು ಇನ್ನೂ ಬೆಚ್ಚಗೆ ಒಣಗಿದ್ದವು. ಒಂದನ್ನು ಮುರಿದು ನೋಡಿದರು. ಟಕ್ಕೆಂದಿತು. ಮರುದಿನದ ಹಂಡೆ ನೀರಿಗೆ ಅವು ಸಾಕಾದವು.